ಮಂಗಳೂರಿನ ರೊಜಾರಿಯೊ ಇಗರ್ಜಿ: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಿಂದ ಮಂಗಳೂರಿಗೆ ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಕದ್ರಿ, ಮಂಗಳಾದೇವಿ, ಕುದ್ರೋಳಿ, ಪಣಂಬೂರು ಬೀಚು, ಕೊನೆಗೆ ಗಡ್‌ಬಡ್ ಐಸ್‌ಕ್ರೀಮು. ಟೈಮ್ ಉಳಿದರೆ ಒಂದು ಚರ್ಚು. ಆ ಒಂದು ಚರ್ಚು ಯಾವುದು ಅಂತ ಕೇಳಿದವರಿಗೆಲ್ಲ ನಾನು ರೊಜಾರಿಯೊ ಹೆಸರು ಹೇಳುತ್ತೇನೆ, ಹೇಳಿದ ಮೇಲೆ ಸಾಲಾಗಿ ಪ್ರಶ್ನೆ ಬರುತ್ತವೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೆಲವು ಉತ್ತರ ಉದ್ದ ಇವೆ. ಅದರಲ್ಲೂ ಟಿಪ್ಪು ಮತ್ತು ದುರ್ಗದ ವಿಷಯ ಎರಡು ಮಾತಲ್ಲಿ ಮುಗಿಯುವಂಥದ್ದಲ್ಲ.

ರೊಜಾರಿಯೊ ಅಂದ್ರೆ ಯಾವ ಚರ್ಚು? ಊರಲ್ಲಿ ಎಲ್ಲಿದೆ?

ಮಂಗಳೂರಿನ ಹಳೆ ಬಂದರಿನ ಹತ್ತಿರ, ಪಾಂಡೇಶ್ವರದ ಕಡೆ ಇದೆ. ಪೂರ್ತಿ ಹೆಸರು ರೊಜಾರಿಯೊ ಮಾತೆಯ ಕೆಥೆಡ್ರಲ್, ಅಂದರೆ ಜಪಸರದ ಮಾತೆಯ ಹೆಸರಿನ ಚರ್ಚು. ಕೆಥೆಡ್ರಲ್ ಅಂದರೆ ಬಿಷಪ್ಪರ ಪೀಠ ಇರುವ ಚರ್ಚು, ಅಷ್ಟೇ. ಕಟ್ಟಡ ದೊಡ್ಡದಿದ್ದ ಮಾತ್ರಕ್ಕೆ ಯಾವ ಚರ್ಚನ್ನೂ ಹಾಗೆ ಕರೆಯುವುದಿಲ್ಲ. ಮಂಗಳೂರಿನವರು ಚರ್ಚಿಗೆ ಇಗರ್ಜಿ ಅನ್ನುತ್ತಾರೆ, ಆಟೋದವರಿಗೆ ರೊಜಾರಿಯೊ ಅಂದರೆ ಸಾಕು.

ಎಷ್ಟು ಹಳೆಯದು? ಕಟ್ಟಿದ್ದು ಯಾರು?

1568ರದು. ಕಟ್ಟಿಸಿದವರು ಪೋರ್ಚುಗೀಸರು. ಅವರ ಕಣ್ಣು ಮಂಗಳೂರಿನ ಮೇಲೆ ಅದಕ್ಕೂ ಮೊದಲೇ ಇತ್ತು. 1526ರಲ್ಲೇ ಒಮ್ಮೆ ಊರನ್ನು ಹಿಡಿದಿದ್ದರು, ಫ್ರಾನ್ಸಿಸ್ಕನ್ ಪಂಗಡದ ಪಾದ್ರಿಗಳೂ ಆ ಹೊತ್ತಿಗೆ ಬಂದಿದ್ದರು. ಆದರೆ ತಳವೂರಿದ್ದು 1568ರಲ್ಲಿ, ವೈಸರಾಯ್ ನೊರೋನ್ಹ ಕಾಲದಲ್ಲಿ. ಮೊದಲು ಸಂತ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿದರು, ಕೋಟೆಯೊಳಗೆ ಈ ಚರ್ಚು ಎದ್ದಿತು.

ಅಷ್ಟು ದೂರದಿಂದ ಬಂದು ಇಲ್ಲಿ ಕೋಟೆ ಯಾಕೆ ಬೇಕಿತ್ತು? ಅಕ್ಕಿ ಮತ್ತು ಮೆಣಸಿಗೆ. ಗೋವಾದ ಹೊಟ್ಟೆ ತುಂಬುತ್ತಿದ್ದದ್ದು ಕರಾವಳಿಯ ಅಕ್ಕಿಯಿಂದ, ಯುರೋಪಿನ ಹಡಗು ತುಂಬುತ್ತಿದ್ದದ್ದು ಮೆಣಸಿನಿಂದ. ಈ ಮೆಣಸು ಬೆಳೆಯುತ್ತಿದ್ದದ್ದು ಘಟ್ಟದ ಕಾಡಿನಲ್ಲಿ, ನಮ್ಮ ಶಿವಮೊಗ್ಗ, ಸಾಗರ, ನಗರದ (ಹಳೆಯ ಬಿದನೂರಿನ) ಕಡೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ಚರ್ಚಿನ ಕಥೆಯಲ್ಲಿ ಸಮುದ್ರದ ಕಡೆಯಿಂದ ಬಂದವರಿಗಿಂತ ಘಟ್ಟದ ಮೇಲೆ ಕೂತಿದ್ದವರ ಪಾಲೇ ಜಾಸ್ತಿ ಅಂತ ನನ್ನ ಲೆಕ್ಕ.

ರಾಣಿ ಅಬ್ಬಕ್ಕನ ಕಾಲ ಅದೇ ಅಲ್ವಾ?

ಹೌದು. ಅವಳ ಉಳ್ಳಾಲ ಇರುವುದು ನೇತ್ರಾವತಿಯ ಆಚೆ ದಡದಲ್ಲಿ, ಮಂಗಳೂರಿಗೆ ಎದುರೇ. ಇಲ್ಲಿ ಕೋಟೆ ಕಟ್ಟುವಾಗ ಅಲ್ಲಿ ಜಗಳ ನಡೆಯುತ್ತಲೇ ಇತ್ತು. ಅಬ್ಬಕ್ಕ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಜನ ಆಗಿಹೋಗಿದ್ದಾರೆ ಅನ್ನುವುದೂ ಗೊತ್ತಿರಲಿ, ಇಲ್ಲದಿದ್ದರೆ ಇಸವಿಗಳು ಹೊಂದಿಕೆ ಆಗುವುದಿಲ್ಲ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿ ಈ ಕಡೆ ಬಂದಿದ್ದ. ಅವನು ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ನೀರಿನ ಕಾಲುವೆಯ ಕೆಲಸ ನೋಡಲು ಆಕೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳು. ಮಂಗಳೂರಿನಲ್ಲಿ ಅವನು ಮೂರು ಚರ್ಚು ನೋಡಿದ, ಕೋಟೆಯ ಒಳಗೆ ಒಂದು, ಹೊರಗೆ ಎರಡು. ಅದೇ ಪ್ರವಾಸದಲ್ಲಿ ಅವನು ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೂ ಹೋಗಿದ್ದ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಪೋರ್ಚುಗೀಸರು ಬಂದರಿನಲ್ಲಿ ಎಷ್ಟೇ ತೋಪು ಇಟ್ಟುಕೊಂಡಿರಲಿ, ಮೆಣಸಿನ ಮಾತುಕತೆಗೆ ಇಕ್ಕೇರಿಗೇ ಹೋಗಬೇಕಿತ್ತು.

ಮಾತೆಯ ವಿಗ್ರಹ ಮೀನುಗಾರರ ಬಲೆಗೆ ಸಿಕ್ಕಿದ್ದು ಅಂತಾರೆ, ಹೌದಾ?

ಹಾಗೊಂದು ನಂಬಿಕೆ ಇದೆ. ಸಮುದ್ರದಲ್ಲಿ ಬಲೆ ಎಳೆದಾಗ ಮೀನಿನ ಜೊತೆ ವಿಗ್ರಹ ಬಂತು, ಅದನ್ನೇ ತಂದು ಪ್ರತಿಷ್ಠೆ ಮಾಡಿದರು ಅಂತ ಹೇಳುತ್ತಾರೆ. ಇದಕ್ಕೆ ದಾಖಲೆ ಕೇಳಬಾರದು, ನಮ್ಮ ಕಡೆ ಹುತ್ತದಲ್ಲಿ ಸಿಕ್ಕಿದ ಲಿಂಗಕ್ಕೆ ಯಾರಾದರೂ ಕೇಳುತ್ತಾರಾ? ಬಂದರಿನ ಚರ್ಚಿಗೆ ಮೀನುಗಾರರ ಕಥೆ ಇರುವುದು ಸಹಜ.

ಡಿಸೋಜ, ಪಿಂಟೊ, ಲೋಬೊ ಅಂತೆಲ್ಲ ಹೆಸರಿದೆಯಲ್ಲ, ಅವರು ಪೋರ್ಚುಗೀಸರ ವಂಶದವರಾ?

ಅಲ್ಲ. ಬಹುಪಾಲು ಗೋವಾ ಕಡೆಯಿಂದ ಬಂದ ಕೊಂಕಣಿ ಜನ. ಮತಾಂತರದ ಹೊತ್ತಿನಲ್ಲಿ ಪಾದ್ರಿಯ ಅಥವಾ ಜ್ಞಾನಪಿತನ (ದೀಕ್ಷೆಯ ಹೊತ್ತಿನಲ್ಲಿ ಜೊತೆ ನಿಲ್ಲುವವನ) ಅಡ್ಡಹೆಸರು ಇವರಿಗೂ ಬಂತು. ಹೆಸರು ಲಿಸ್ಬನ್ನಿನದು, ಮನೆಮಾತು ಕೊಂಕಣಿ, ಊಟ ಕುಚ್ಚಲಕ್ಕಿ.

ಗೋವಾ ಬಿಟ್ಟು ಬರಲು ಕಾರಣ ಒಂದಲ್ಲ. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಅನ್ನುವ ಧರ್ಮವಿಚಾರಣೆಯ ನ್ಯಾಯಾಲಯ ಶುರುವಾಯಿತು. ಕ್ರೈಸ್ತರಾದ ಮೇಲೂ ಹಳೆಯ ಪದ್ಧತಿ ಬಿಡದವರನ್ನು ಅದು ಹಿಡಿಯುತ್ತಿತ್ತು. ಆಮೇಲೆ ಬಿಜಾಪುರದ ಆದಿಲ್‌ಶಾಹಿ ಯುದ್ಧ, ಬರ, ರೋಗ, ಮುಂದಿನ ಶತಮಾನದಲ್ಲಿ ಮರಾಠರ ದಾಳಿ. ಒಂದೊಂದು ಏಟಿಗೂ ಒಂದೊಂದು ಗುಂಪು ತೆಂಕಣಕ್ಕೆ ಇಳಿಯಿತು. ಕೆಳದಿ ಅರಸರಿಗೆ ಇಲ್ಲಿ ಬೀಳು ಬಿದ್ದ ಜಮೀನು ಇತ್ತು, ಇವರು ಚೆನ್ನಾಗಿ ಬೇಸಾಯ ಮಾಡುವವರು. ಕೂರಿಸಿಕೊಂಡರು. ಗೋವಾದಲ್ಲಿ ಜಾತಿ ಬಿಟ್ಟು ಬಂದರಾ ಅಂದರೆ ಅದೂ ಇಲ್ಲ. ಬಾಮಣ್ (ಬ್ರಾಹ್ಮಣ ಮೂಲ), ಚಾರ್ಡಿ (ಕ್ಷತ್ರಿಯ ಮೂಲ) ಅನ್ನುವ ಲೆಕ್ಕ ಮದುವೆ ಮಾತುಕತೆಯಲ್ಲಿ ಬಹಳ ಕಾಲ ನಡೆಯಿತು.

ಕೆಳದಿ ಚೆನ್ನಮ್ಮ ಚರ್ಚಿಗೆ ಜಾಗ ಕೊಟ್ಟಿದ್ದು ನಿಜವಾ?

ನಿಜ, ಆದರೆ ಅದು ರೊಜಾರಿಯೊ ಅಲ್ಲ, ಹಂಪನಕಟ್ಟೆಯಲ್ಲಿರುವ ಮಿಲಾಗ್ರಿಸ್. ಎರಡನ್ನೂ ಜನ ಕಲಸಿಬಿಡುತ್ತಾರೆ.

ಹಿನ್ನೆಲೆ ಇಷ್ಟು. ಶಿವಪ್ಪ ನಾಯಕ 1650ರ ದಶಕದ ಶುರುವಿನಲ್ಲಿ ಪೋರ್ಚುಗೀಸರನ್ನು ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಓಡಿಸಿದ. ಶಿವಪ್ಪ ನಾಯಕನ ಶಿಸ್ತು ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದರಲ್ಲ, ಅದೇ ಶಿವಪ್ಪ ನಾಯಕ. ಪೋರ್ಚುಗೀಸರ ಕೋಟೆ ಹೋಯಿತು, ಆದರೆ ಕ್ಯಾಥೊಲಿಕ್ ಪ್ರಜೆಗಳು ಉಳಿದರು. ಆಮೇಲೆ ಅರಬ್ಬರ ಜೊತೆ, ಡಚ್ಚರ ಜೊತೆ, ಪೋರ್ಚುಗೀಸರ ಜೊತೆ ವ್ಯಾಪಾರದ ಲೆಕ್ಕಾಚಾರ ಮತ್ತೆ ಶುರುವಾಯಿತು. 1678ರಲ್ಲಿ ರಾಣಿ ಚೆನ್ನಮ್ಮ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡಳು. ಮಂಗಳೂರಿನಲ್ಲಿ ವ್ಯಾಪಾರದ ಕೋಠಿ ಇಟ್ಟುಕೊಳ್ಳಿ, ಮಿರ್ಜಾನ್, ಭಟ್ಕಳ, ಕಲ್ಯಾಣಪುರದಂಥ ಕಡೆ ಚರ್ಚು ಕಟ್ಟಿಕೊಳ್ಳಿ ಅಂತ ಅದರಲ್ಲಿತ್ತು.

ಆ ಹೊತ್ತಿಗೆ ಚರ್ಚಿನ ಒಳಗೇ ಒಂದು ಕಿತ್ತಾಟ ನಡೆದಿತ್ತು. ಪೋರ್ಚುಗಲ್ ರಾಜ ನೇಮಿಸಿದ ಗೋವಾದ ಪಾದ್ರಿಗಳು ಒಂದು ಕಡೆ, ರೋಮ್ ನೇರವಾಗಿ ಕಳಿಸಿದ ಬಿಷಪ್ ಇನ್ನೊಂದು ಕಡೆ. ರೋಮ್ ಕಳಿಸಿದ್ದು ಥಾಮಸ್ ದೆ ಕಾಸ್ಟ್ರೊ ಅನ್ನುವವರನ್ನು, ಇವರೂ ಗೋವಾದ ದಿವಾರ್ ದ್ವೀಪದವರೇ. ಗೋವಾದ ಕಡೆಯವರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ಬಿಷಪ್ಪರು ಬೇರೆ ಜಾಗ ನೋಡಿಕೊಳ್ಳಬೇಕಾಯಿತು. ಕೊಟ್ಟವಳು ಚೆನ್ನಮ್ಮ. 1680ರಲ್ಲಿ ಮಿಲಾಗ್ರಿಸ್ ಚರ್ಚು ಎದ್ದಿತು. 1684ರಲ್ಲಿ ಬಿಷಪ್ ತೀರಿಕೊಂಡಾಗ ಅಲ್ಲೇ ಮಣ್ಣು ಮಾಡಿದರು. ಮೊದಲ ಚರ್ಚು ಇದ್ದ ಜಾಗದಲ್ಲಿ ಈಗ ಸ್ಮಶಾನ ಇದೆ.

ಯೋಚನೆ ಮಾಡಿ ನೋಡಿ. ವೀರಶೈವ ರಾಣಿ, ಘಟ್ಟದ ಮೇಲಿನ ರಾಜಧಾನಿ ಬಿದನೂರಿನಲ್ಲಿ ಕೂತವಳು, ಪೋರ್ಚುಗೀಸರಿಗೇ ಬೇಡವಾದ ಕ್ಯಾಥೊಲಿಕ್ ಬಿಷಪ್ಪರಿಗೆ ಬಂದರಿನಲ್ಲಿ ಜಾಗ ಕೊಡುತ್ತಾಳೆ. ಇದು ಬರೀ ಉದಾರತನ ಅಂತ ನನಗನ್ನಿಸುವುದಿಲ್ಲ, ಗೋವಾದವರ ಹಿಡಿತ ಜಾಸ್ತಿ ಆಗದಂತೆ ನೋಡಿಕೊಳ್ಳುವ ಚಾಲಾಕಿತನವೂ ಇತ್ತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡವಳೂ ಇವಳೇ.

ಟಿಪ್ಪು ಸುಲ್ತಾನ್ ಈ ಚರ್ಚನ್ನು ಕೆಡವಿದನಾ?

ಕೆಡವಿಸಿದ. 1784ರಲ್ಲಿ. ರೊಜಾರಿಯೊ, ಮಿಲಾಗ್ರಿಸ್ ಎರಡೂ ಹೋದವು, ಒಟ್ಟು 27 ಚರ್ಚು ಅಂತ ಮಂಗಳೂರಿನವರ ಲೆಕ್ಕ.

ಯಾಕೆ ಅನ್ನುವುದಕ್ಕೆ ಒಂದು ವರ್ಷ ಹಿಂದೆ ಹೋಗಬೇಕು. 1783ರ ಶುರುವಿನಲ್ಲಿ ಜನರಲ್ ಮ್ಯಾಥ್ಯೂಸ್ ಅನ್ನುವ ಇಂಗ್ಲಿಷ್ ಸೇನಾಪತಿ ಬಿದನೂರನ್ನೂ ಮಂಗಳೂರನ್ನೂ ಹಿಡಿದ. ಹೈದರಾಲಿ ಆಗಷ್ಟೇ ಸತ್ತಿದ್ದ. ಟಿಪ್ಪು ದೂರದಿಂದ ಓಡಿಬಂದು ಏಪ್ರಿಲ್ ಕೊನೆಯಲ್ಲಿ ಬಿದನೂರು ವಾಪಸ್ ತೆಗೆದುಕೊಂಡ, ಮೇ ತಿಂಗಳಿಂದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಮಳೆಗಾಲ ಪೂರ್ತಿ ಮುತ್ತಿಗೆ ನಡೆಯಿತು. ಒಳಗಿದ್ದವರು ಹಸಿವಿನಿಂದ ಸೋತು 1784ರ ಜನವರಿ ಕೊನೆಯಲ್ಲಿ ಶರಣಾದರು. ಈ ಗಲಾಟೆಯಲ್ಲಿ ಊರಿನ ಕ್ಯಾಥೊಲಿಕರು ಇಂಗ್ಲಿಷರಿಗೆ ದುಡ್ಡು ಕೊಟ್ಟರು, ಸುದ್ದಿ ಕೊಟ್ಟರು ಅಂತ ಟಿಪ್ಪುವಿನ ಸಿಟ್ಟು. ಫೆಬ್ರವರಿ ಕೊನೆಯಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಅವರ ಬೂದಿ ಬುಧವಾರದ ಹೊತ್ತಿಗೆ, ಕರಾವಳಿ ಉದ್ದಕ್ಕೂ ಒಂದೇ ಸಲ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಮಕ್ಕಳು ಮುದುಕರು ಸಮೇತ ಘಟ್ಟ ಹತ್ತಿದರು. ದಾರಿಯಲ್ಲೇ ಎಷ್ಟೋ ಜನ ಸತ್ತರು.

ಎಷ್ಟು ಜನರನ್ನು ಒಯ್ದರು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಟಿಪ್ಪುವಿನ ಆಸ್ಥಾನದ ಬರಹವೇ 60,000 ಅನ್ನುತ್ತದೆ. ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಅನ್ನುವ ಇಂಗ್ಲಿಷಿನವನು 30,000 ಅಂತ ಬರೆದ. ಕಡಿಮೆ ಲೆಕ್ಕವನ್ನೇ ಹಿಡಿದರೂ ಆಗಿನ ಕಾಲಕ್ಕೆ ಅದು ಹತ್ತಾರು ಊರು ಖಾಲಿಯಾದ ಹಾಗೆ.

ಇದು ಧರ್ಮದ ಕಾರಣಕ್ಕಾ, ರಾಜಕೀಯದ ಕಾರಣಕ್ಕಾ?

ಈ ಪ್ರಶ್ನೆ ಕೇಳುವವರಿಗೆ ಸಾಮಾನ್ಯವಾಗಿ ಉತ್ತರ ಮೊದಲೇ ಗೊತ್ತಿರುತ್ತದೆ, ನನ್ನ ಬಾಯಿಂದ ಹೊರಡಿಸಬೇಕು ಅಷ್ಟೇ. ಸಂಶಯ ಹುಟ್ಟಿದ್ದು ಯುದ್ಧದಿಂದ. ಶಿಕ್ಷೆ ಬಿದ್ದದ್ದು ಒಂದು ಧರ್ಮದವರಿಗೆ ಪೂರ್ತಿಯಾಗಿ, ದುಡ್ಡು ಕೊಟ್ಟವನಿಗೂ ಕೊಡದವನಿಗೂ. ಶ್ರೀರಂಗಪಟ್ಟಣದಲ್ಲಿ ಗಂಡುಹುಡುಗರನ್ನು ಬಲವಂತವಾಗಿ ಮತಾಂತರ ಮಾಡಿ ಸೈನ್ಯಕ್ಕೆ ಹಾಕಿದರು. ಇದನ್ನು ಬರೀ ರಾಜಕೀಯ ಅಂದರೆ ಸತ್ತವರಿಗೆ ಅನ್ಯಾಯ. ಬರೀ ಧರ್ಮ ಅಂದರೆ ಅದೇ ಟಿಪ್ಪು ಮರಾಠರ ಲೂಟಿಯ ಮೇಲೆ ಶೃಂಗೇರಿ ಮಠಕ್ಕೆ ದುಡ್ಡು ಕಳಿಸಿದ್ದನ್ನೂ, ಮುಂದಿನ ಪ್ರಶ್ನೆಯಲ್ಲಿ ಬರುವ ದುರ್ಗದ ಕಥೆಯನ್ನೂ ಎಲ್ಲಿಡುತ್ತೀರಿ?

ಚಿತ್ರದುರ್ಗಕ್ಕೂ ಮಂಗಳೂರಿನ ಚರ್ಚಿಗೂ ಏನು ಸಂಬಂಧ? ಎಲ್ಲಿಂದೆಲ್ಲಿಗೆ?

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುವುದು. ಹೇಳಿದ ಮೇಲೆ ಹೌದಾ ಅನ್ನುತ್ತಾರೆ.

ಮಂಗಳೂರು ಹೈದರಾಲಿಯ ಕೈಗೆ ಹೋದದ್ದು 1763ರಲ್ಲಿ. ಅವನು ಮಂಗಳೂರಿಗೆ ನೇರವಾಗಿ ಬರಲಿಲ್ಲ, ಬಿದನೂರು ಹಿಡಿದ ಮೇಲೆ ಬಂದರು ತಾನಾಗೇ ಕೈಗೆ ಬಂತು. ಬಿದನೂರಿಗೆ ಹೋಗಲು ನೆಪ ಬೇಕಿತ್ತಲ್ಲ, ಆ ನೆಪ ಒದಗಿಸಿದ್ದು ದುರ್ಗ. ಬಿದನೂರಿನ ಗದ್ದುಗೆ ನನ್ನದು, ನಾನೇ ಚೆನ್ನಬಸವ ನಾಯಕ ಅಂತ ಒಬ್ಬ ಬಂದಿದ್ದ. ಅವನ ಬೆನ್ನಿಗೆ ನಿಂತು ಹೈದರನ ಹತ್ತಿರ ಕರೆದುಕೊಂಡು ಹೋದದ್ದು ಚಿತ್ರದುರ್ಗದ ನಾಯಕ. ಕೆಳದಿಗೂ ದುರ್ಗಕ್ಕೂ ಹಳೆಯ ಹಗೆ ಇತ್ತು, ತೀರಿಸಿಕೊಳ್ಳಲು ಒಳ್ಳೆ ಅವಕಾಶ ಅಂದುಕೊಂಡ. ರಾಣಿ ವೀರಮ್ಮಾಜಿಯ ರಾಜ್ಯ ಹೋಯಿತು, ನಾನೇ ವಾರಸುದಾರ ಅಂದವನಿಗೂ ಏನೂ ಸಿಗಲಿಲ್ಲ.

ಹದಿನಾರು ವರ್ಷ ಕಳೆದು 1779ರಲ್ಲಿ ಅದೇ ಹೈದರ್ ದುರ್ಗವನ್ನೇ ನುಂಗಿದ. ಮದಕರಿ ನಾಯಕ ಸೆರೆಯಾದ. ಒನಕೆ ಓಬವ್ವನ ಕಿಂಡಿ ತೋರಿಸಿ ಗೈಡುಗಳು ಹೇಳುವುದು ಈ ಮುತ್ತಿಗೆಗಳ ಕಥೆಯನ್ನೇ. ಆದರೆ ಆಮೇಲೆ ಏನಾಯಿತು ಅಂತ ಅವರು ಹೇಳುವುದು ಕಡಿಮೆ. ದುರ್ಗದ ಬೇಡರಲ್ಲಿ ಸುಮಾರು 20,000 ಜನರನ್ನು ಎಬ್ಬಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಮತ್ತೆ ತಲೆ ಎತ್ತಬಾರದು ಅಂತ. ಅವರ ಗಂಡುಮಕ್ಕಳನ್ನು ತೆಗೆದು ಚೇಲಾ ಅನ್ನುವ ಪಡೆ ಕಟ್ಟಿದರು.

ಸರಿಯಾಗಿ ಐದು ವರ್ಷದ ನಂತರ ಮಂಗಳೂರಿನ ಕ್ಯಾಥೊಲಿಕರಿಗೆ ಆದದ್ದೂ ಅದೇ. ಅದೇ ಊರು, ಅದೇ ನಡಿಗೆ, ಅದೇ ಥರದ ಪಡೆ. ಒಂದು ಕಡೆ ಹೈದರ್, ಇನ್ನೊಂದು ಕಡೆ ಟಿಪ್ಪು, ವಿಧಾನ ಮಾತ್ರ ಮನೆತನದ್ದು. ದುರ್ಗದ ಬೇಡನ ಮಗ, ಮಂಗಳೂರಿನ ಪಿಂಟೊ ಮನೆಯ ಹುಡುಗ ಶ್ರೀರಂಗಪಟ್ಟಣದಲ್ಲಿ ಒಂದೇ ಥರದ ಸಾಲಿನಲ್ಲಿ ನಿಂತ ಕಾಲ ಅದು.

ಇನ್ನೂ ಒಂದಿದೆ. 1783ರಲ್ಲಿ ಬಿದನೂರಿನಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ಅಧಿಕಾರಿಗಳಲ್ಲಿ ಒಂದು ಗುಂಪನ್ನು ಬೇಡಿ ಹಾಕಿ ತಂದು ಕೂಡಿಟ್ಟಿದ್ದು ಚಿತ್ರದುರ್ಗದ ಕೋಟೆಯಲ್ಲೇ. ಮುಂದಿನ ಸಲ ನೆಂಟರನ್ನು ಕೋಟೆ ತೋರಿಸಲು ಕರೆದುಕೊಂಡು ಹೋದಾಗ ಇದನ್ನೂ ಹೇಳಿ.

ಒಂದು ಚರ್ಚು ಉಳಿಯಿತು ಅಂತ ಕೇಳಿದ್ದೆ, ಯಾವುದು?

ಮೂಡುಬಿದಿರೆ ಹತ್ತಿರದ ಹೊಸ್ಪೆಟ್‌ನ ಪವಿತ್ರ ಶಿಲುಬೆಯ ಚರ್ಚು. ತುಂಗಭದ್ರಾ ಡ್ಯಾಮಿನ ನಮ್ಮ ಹೊಸಪೇಟೆ ಅಲ್ಲ, ಇದು ಬೇರೆ, ಪುಟ್ಟ ಊರು. ಮೂಡುಬಿದಿರೆಯ ಚೌಟ ಅರಸರು ಕೇಳಿಕೊಂಡದ್ದಕ್ಕೆ ಅದನ್ನು ಬಿಟ್ಟರು ಅಂತ ಹೇಳುತ್ತಾರೆ. ಚೌಟರು ಜೈನರು. ಶಿವಮೊಗ್ಗ, ಕಾರ್ಕಳ ಮೇಲೆ ಹೋಗುವವರಿಗೆ ಇದು ದಾರಿಯ ಹತ್ತಿರವೇ ಸಿಗುತ್ತದೆ.

ಒಯ್ದವರು ವಾಪಸ್ ಬಂದರಾ?

1799ರ ಮೇ 4ಕ್ಕೆ ಟಿಪ್ಪು ಸತ್ತ ಮೇಲೆ ಬದುಕಿ ಉಳಿದವರು ಬಂದರು, ಒಯ್ದದ್ದರಲ್ಲಿ ಒಂದು ಪಾಲು ಮಾತ್ರ. ಕೆಲವರು ಮೈಸೂರು ಸೀಮೆಯಲ್ಲೇ ನಿಂತರು. ಅಬ್ಬೆ ದುಬೋಯಿ ಅನ್ನುವ ಫ್ರೆಂಚ್ ಪಾದ್ರಿ ಅಂಥವರನ್ನು ಮತ್ತೆ ಒಟ್ಟು ಮಾಡಿದರು, ಸಿಡುಬಿನ ಲಸಿಕೆ ಹಾಕಿಸಿದ್ದಕ್ಕೂ ಅವರ ಹೆಸರಿದೆ. ಊರಿಗೆ ಬಂದವರಿಗೆ ಜಮೀನು ಬೇರೆಯವರ ಕೈಯಲ್ಲಿತ್ತು, ಚರ್ಚು ಇದ್ದ ಜಾಗದಲ್ಲಿ ಕಲ್ಲುರಾಶಿ.

ಮಿಲಾಗ್ರಿಸ್ ಅನ್ನು 1811ರಲ್ಲಿ, ರೊಜಾರಿಯೊವನ್ನು 1813ರಲ್ಲಿ ಮತ್ತೆ ಕಟ್ಟಿಕೊಂಡರು. 1851ರಲ್ಲಿ ರೊಜಾರಿಯೊ ಕೆಥೆಡ್ರಲ್ ಆಯಿತು.

ಇದರ ನಡುವೆ ಇಂಗ್ಲಿಷ್ ಕಂಪನಿಗಾಗಿ ಸೀಮೆಯ ಸಮೀಕ್ಷೆ ಮಾಡುತ್ತಿದ್ದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಮಂಗಳೂರು ನೋಡಿಕೊಂಡು, ಘಟ್ಟ ಹತ್ತಿ, ಹರಿಹರ, ದಾವಣಗೆರೆ, ದುರ್ಗದ ಮೇಲೆ ಹೋದ. ಆಗಿನ್ನೂ ದಾವಣಗೆರೆ ಚಿಕ್ಕದು. ಹೈದರ್ ಈ ಊರನ್ನು ಅಪ್ಪಾಜಿರಾಮ್ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟಿದ್ದ, ಅವನು ವ್ಯಾಪಾರಿಗಳನ್ನು ಕರೆಸಿ ಕೂರಿಸಿದ ಮೇಲೆಯೇ ಊರು ಬೆಳೆದದ್ದು. ನಗರ ಸೀಮೆಯ ಅಡಿಕೆ, ಮೆಣಸು ನಮ್ಮ ವ್ಯಾಪಾರಿಗಳ ಕೈ ದಾಟಿ ಮದ್ರಾಸ್ ಕಡೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ಅದೇ ಮೆಣಸು ಇಳಿಮುಖವಾಗಿ ಹೋದರೆ ಬಂದರು, ಮೂಡಣಕ್ಕೆ ಹೋದರೆ ದಾವಣಗೆರೆ.

ಈಗಿರುವ ಕಟ್ಟಡ 1568ರದಾ?

ಅಲ್ಲ. ಇದು ಮೂರನೆಯದು, ಇಪ್ಪತ್ತನೇ ಶತಮಾನದ ಶುರುವಿನ ದಶಕಗಳಲ್ಲಿ ಎದ್ದದ್ದು. ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಗುಮ್ಮಟ. ಅದರ ಮೇಲಿನ ಶಿಲುಬೆಗೆ ದೀಪ ಹಾಕುತ್ತಾರೆ, ರಾತ್ರಿ ದೋಣಿಯವರಿಗೆ ಗುರುತು.

1568ರದ್ದೇ ಅಂತ ಉಳಿದಿರುವುದು ಒಂದು ಕಲ್ಲು. ಪೋರ್ಚುಗಲ್ ರಾಜನ ಲಾಂಛನ ಕೆತ್ತಿದ ಕಲ್ಲು, ಮೊದಲ ಚರ್ಚಿನ ಮುಂದೆ ಇಟ್ಟಿದ್ದು. ಬಹಳ ಜನ ಅದನ್ನು ನೋಡದೇ ವಾಪಸ್ ಬರುತ್ತಾರೆ, ಕೇಳಿ ನೋಡಿ. ಪೋರ್ಚುಗೀಸ್ ಲಾಂಛನದ ಗುರುತು ಹೀಗೆ: ನಡುವೆ ಶಿಲುಬೆಯ ಆಕಾರಕ್ಕೆ ಜೋಡಿಸಿದ ಐದು ಪುಟ್ಟ ಗುರಾಣಿಗಳು, ಒಂದೊಂದರ ಒಳಗೂ ಚುಕ್ಕಿಗಳು, ಸುತ್ತ ಅಂಚಿನಲ್ಲಿ ಸಣ್ಣ ಸಣ್ಣ ಕೋಟೆಗಳು, ಮೇಲೆ ಕಿರೀಟ. ನಮ್ಮ ದುರ್ಗದ ಬಾಗಿಲಲ್ಲಿ ಗಂಡಭೇರುಂಡ ಹುಡುಕುವವರಿಗೆ ಇದನ್ನು ಹುಡುಕುವುದು ಕಷ್ಟ ಆಗುವುದಿಲ್ಲ. ಕೋಟೆ ಹೋಯಿತು, ಎರಡು ಕಟ್ಟಡ ಹೋದವು, ರಾಜನ ಮನೆತನವೂ ಹೋಯಿತು, ಕಲ್ಲು ಮಾತ್ರ ಇದೆ.

ಗೋಡೆ ತುಂಬ ಬಣ್ಣದ ಚಿತ್ರ ಇರುವ ಚರ್ಚು ಇದೇನಾ?

ಅಲ್ಲ ಮಾರಾಯ್ರೇ, ಅದು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಲೈಟ್‌ಹೌಸ್ ಹಿಲ್ ಮೇಲಿದೆ. ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯ ದಿನ, ಕಾಲೇಜು 1880ರಲ್ಲಿ. ಅಂತೋನಿಯೊ ಮೊಸ್ಕೆನಿ ಅನ್ನುವ ಇಟಲಿಯ ಬ್ರದರ್ 1899ರಿಂದ 1901ರವರೆಗೆ ಗೋಡೆ, ಚಾವಣಿ ಬಿಡದೆ ಬರೆದರು. ನೋಡಲೇಬೇಕಾದ್ದು, ಸಂಶಯ ಇಲ್ಲ. ಚಿತ್ರ ನೋಡಬೇಕಾ, ಅಲ್ಲಿಗೆ ಹೋಗಿ. ಇತಿಹಾಸ ಬೇಕಾ, ರೊಜಾರಿಯೊ ಮತ್ತು ಮಿಲಾಗ್ರಿಸ್. ಒಂದೇ ಮಧ್ಯಾಹ್ನದಲ್ಲಿ ಮೂರೂ ಆಗುತ್ತವೆ.

ಕಿಟ್ಟೆಲ್ ನಿಘಂಟು, ಮಂಗಳೂರು ಹೆಂಚು ಎಲ್ಲ ಇವರದೇ ಅಲ್ವಾ?

ಅದು ಬಾಸೆಲ್ ಮಿಷನ್. ಅವರು ಪ್ರಾಟೆಸ್ಟೆಂಟರು, ಜರ್ಮನ್ ಮಾತಾಡುವ ಸೀಮೆಯಿಂದ 1834ರಲ್ಲಿ ಬಂದವರು. 1843ರ ಮಂಗಳೂರ ಸಮಾಚಾರ ಪತ್ರಿಕೆ, 1865ರ ಹೆಂಚಿನ ಕಾರ್ಖಾನೆ, 1894ರ ನಿಘಂಟು ಅವರ ಕಡೆಯವು. ಕ್ಯಾಥೊಲಿಕರದು ಬೇರೆ ಮನೆ.

ನಮ್ಮ ಹರಿಹರದ ಆರೋಗ್ಯ ಮಾತೆ ಚರ್ಚು ಮಂಗಳೂರಿಗೆ ಸೇರಿದ್ದಾ?

ಇಲ್ಲ. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಮೂರೂ ಜಿಲ್ಲೆ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪ್ಪರ ಆಡಳಿತದ ಸೀಮೆಗೆ) ಸೇರಿವೆ, ಅದು ಶುರುವಾದದ್ದು 1988ರಲ್ಲಿ. ಮಂಗಳೂರು ಧರ್ಮಪ್ರಾಂತ್ಯ 1886ರದು. ಹರಿಹರದ್ದು ಈಗ ಬಸಿಲಿಕಾ, ಅಂದರೆ ಪೋಪರು ವಿಶೇಷ ಗೌರವ ಕೊಟ್ಟ ಚರ್ಚು. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಎಷ್ಟು ಜನ ಸೇರುತ್ತಾರೆ, ಅದರಲ್ಲಿ ಕುಂಕುಮ ಇಟ್ಟವರು ಎಷ್ಟು ಅಂತ ನಿಮಗೇ ಗೊತ್ತು. ಅದೇ ದಿನ ಮಂಗಳೂರಿನಲ್ಲಿ ಮೊಂತಿ ಫೆಸ್ತ್. ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮಾತೆಗೆ ಹಾಕುತ್ತಾರೆ, ಹೊಸ ತೆನೆಯನ್ನು ಮನೆಗೆ ಒಯ್ದು ಅದರ ಕಾಳನ್ನು ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ತಿನ್ನುತ್ತಾರೆ. ಊಟ ಅವತ್ತು ಸಸ್ಯಾಹಾರ, ಎಲೆ ಮೇಲೆ.

ನಾವು ಕ್ರಿಶ್ಚಿಯನ್ನರಲ್ಲ. ಒಳಗೆ ಬಿಡುತ್ತಾರಾ? ಚಪ್ಪಲಿ ಬಿಡಬೇಕಾ?

ಒಳಗೆ ಬಿಡುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಾರೆ ಅಲ್ಲಿ. ನಮ್ಮ ಕಡೆಯವರು ಅಭ್ಯಾಸಬಲದಿಂದ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಹೋಗುತ್ತಾರೆ, ಅದರಿಂದ ಯಾರಿಗೂ ಬೇಜಾರಿಲ್ಲ. ಬಲಿಪೂಜೆ (ಚರ್ಚಿನ ಮುಖ್ಯ ಪೂಜೆ, ಮಾಸ್) ನಡೆಯುವಾಗ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಅಡ್ಡಾಡಿ ಫೋಟೊ ತೆಗೆಯಬೇಡಿ. ಕೊನೆಯಲ್ಲಿ ಎಲ್ಲರೂ ಸಾಲಾಗಿ ಹೋಗಿ ಬಿಳಿ ರೊಟ್ಟಿ ತೆಗೆದುಕೊಳ್ಳುತ್ತಾರಲ್ಲ, ಅದು ನಮ್ಮ ತೀರ್ಥಪ್ರಸಾದದ ಥರ ಬಂದವರಿಗೆಲ್ಲ ಕೊಡುವುದಲ್ಲ. ದೀಕ್ಷೆ ಆದವರಿಗೆ ಮಾತ್ರ. ಆ ಸಾಲಿಗೆ ಸೇರಬೇಡಿ.

ಪೂಜೆ ಯಾವ ಭಾಷೆಯಲ್ಲಿ?

ಜಾಸ್ತಿ ಕೊಂಕಣಿ, ಇಂಗ್ಲಿಷ್ ಮತ್ತು ಕನ್ನಡ ಕೂಡ ಇರುತ್ತದೆ. 1960ರ ದಶಕದ ತನಕ ಎಲ್ಲ ಕಡೆ ಲ್ಯಾಟಿನ್ನೇ ಇತ್ತು. ಮಜಾ ಏನಂದರೆ ಮಂಗಳೂರಿನ ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲಿ. ಮಿಲಾಗ್ರಿಸ್ ಸ್ಮಶಾನದ ಹತ್ತಿರ ನಿಂತು ಬೋರ್ಡು ಓದಲು ಹೋದರೆ ಅಕ್ಷರ ಪಟಪಟ ಓದಿಸಿಕೊಳ್ಳುತ್ತದೆ, ಅರ್ಥ ಮಾತ್ರ ಆಗುವುದಿಲ್ಲ. ದಾವಣಗೆರೆಯಿಂದ ಬಂದ ಮಕ್ಕಳು ಜೋರಾಗಿ ಓದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ದಾವಣಗೆರೆಯಿಂದ ಹೇಗೆ ಹೋಗುವುದು ಒಳ್ಳೆಯದು?

ಶಿವಮೊಗ್ಗ ದಾರಿಯೇ ಸರಿ. ಸ್ವಂತ ಕಾರಾದರೆ ತೀರ್ಥಹಳ್ಳಿ ಮೇಲೆ ಆಗುಂಬೆ ಇಳಿಯಬಹುದು, ದೊಡ್ಡ ಬಸ್ಸಿಗೆ ಅಲ್ಲಿ ಅವಕಾಶ ಇಲ್ಲ, ಮಿನಿ ಬಸ್ಸುಗಳೇ ಓಡುವುದು. ದುರ್ಗದವರಿಗೆ ಇನ್ನೂ ಸುಲಭ. ಸೊಲ್ಲಾಪುರದಿಂದ ಹೊರಟ ಹಳೆಯ ರಾಷ್ಟ್ರೀಯ ಹೆದ್ದಾರಿ 13 ಚಿತ್ರದುರ್ಗ, ಶಿವಮೊಗ್ಗ ದಾಟಿ ಮಂಗಳೂರಲ್ಲೇ ಮುಗಿಯುತ್ತಿತ್ತು. ಈಗ ನಂಬರ್ ಬದಲಾಗಿದೆ, ದಾರಿ ಅದೇ. ಮಳೆಗಾಲದಲ್ಲಿ ಘಟ್ಟದ ರಸ್ತೆ ತೆರೆದಿದೆಯಾ ಅಂತ ಒಂದು ಮಾತು ಕೇಳಿಕೊಂಡೇ ಹೊರಡಿ.

ಸರ್ಕಾರಿ ಬಸ್ಸು ನಿಮ್ಮನ್ನು ಇಳಿಸುವುದು ಬಿಜೈಯಲ್ಲಿ. ಅಲ್ಲಿಂದ ಸ್ಟೇಟ್ ಬ್ಯಾಂಕ್ ಅಂತ ಬೋರ್ಡ್ ಇರುವ ಸಿಟಿ ಬಸ್ ಹತ್ತಿ. ಹಂಪನಕಟ್ಟೆಯಲ್ಲಿ ಇಳಿದರೆ ಮಿಲಾಗ್ರಿಸ್, ಕೊನೆಯ ಸ್ಟಾಪಿನಲ್ಲಿ ಇಳಿದು ಪಾಂಡೇಶ್ವರದ ಕಡೆ ನಡೆದರೆ ರೊಜಾರಿಯೊ. ಭಾನುವಾರ ಬೆಳಿಗ್ಗೆ ಎರಡೂ ಕಡೆ ಪೂಜೆಯ ಗದ್ದಲ ಇರುತ್ತದೆ, ನಿಧಾನವಾಗಿ ನೋಡಬೇಕು ಅಂದರೆ ವಾರದ ನಡುವೆ ಹೋಗಿ. ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಮಾತ್ರ ಹೋಗಬೇಡಿ. ನಮ್ಮ ಕಡೆಯ ಒಣ ಬಿಸಿಲು ಬೇರೆ, ಅಲ್ಲಿಯ ಸೆಕೆ ಬೇರೆ.